ಬಾಗಿಲು ಎಣಿಸಿದವರಿಗೆ ಕಾಣದ ಬಂಗಲೆ

ಬೇಸಿಗೆ ರಜೆ ಬಂತೆಂದರೆ ನಮ್ಮ ಕೂಟದ ಅರ್ಧಕ್ಕರ್ಧ ಕುಟುಂಬಗಳು ಊರಿಗೆ ಹೊರಡುತ್ತವೆ. ಮೈಸೂರಿನ ಕಡೆ ಹೋದವರು ಮಕ್ಕಳಿಗೆ ತೋರಿಸುವ ಸ್ಥಳಗಳ ಪಟ್ಟಿ ಬಹುಮಟ್ಟಿಗೆ ಒಂದೇ: ದೊಡ್ಡ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ. ಈ ಪಟ್ಟಿಯಲ್ಲಿ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಇರುವುದು ಅಪರೂಪ. ಇದ್ದರೂ ಅದು ಕಾರಿನಿಂದ ಇಳಿಯದೆ, ಕಿಟಕಿಯ ಗಾಜು ಇಳಿಸಿ ಒಂದು ಫೋಟೋ ತೆಗೆಯುವಷ್ಟಕ್ಕೆ ಮುಗಿಯುತ್ತದೆ. ಆ ಕಟ್ಟಡದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದನ್ನು ಹೊಗಳುವ ರೀತಿಯ ಬಗ್ಗೆ, ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ನಮ್ಮ ಮನಸ್ಸಿನಲ್ಲಿತ್ತು.

ಪ್ರವಾಸಿ ಕೈಪಿಡಿಗಳನ್ನು ತೆರೆದರೆ ಸಿಗುವ ವಿವರ ಹೀಗಿದೆ. 1905ರಲ್ಲಿ ಕಟ್ಟಿದ್ದು. ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ಅಕ್ಕ, ಹಿರಿಯ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗಾಗಿ ಕಟ್ಟಿಸಿದ್ದು. ಆದುದರಿಂದಲೇ 'ಮೊದಲನೆಯ ರಾಜಕುಮಾರಿಯ ಮ್ಯಾನ್ಷನ್' ಎಂಬ ಇನ್ನೊಂದು ಹೆಸರು. ಖರ್ಚು 7 ಲಕ್ಷ ರೂಪಾಯಿ. ಕೋಣೆಗಳು 125, ಕಿಟಕಿಗಳು 300, ಬಾಗಿಲುಗಳು 287. ಕೊರಿಂಥಿಯನ್ ಮತ್ತು ಅಯಾನಿಕ್ ಶೈಲಿಯ ಜೋಡಿ ಕಂಬಗಳು, ಬಣ್ಣದ ಗಾಜು, ಕೆತ್ತನೆ ಕೆಲಸದ ಕಲ್ಯಾಣ ಮಂಟಪ. ಇಷ್ಟು ಹೇಳಿ ಕೈಪಿಡಿ ಮುಂದಿನ ಸ್ಥಳಕ್ಕೆ ಹೋಗುತ್ತದೆ.

ಈ ಲೆಕ್ಕ ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ರೋಗಿಯ ಎತ್ತರ, ತೂಕ, ಹಲ್ಲುಗಳ ಸಂಖ್ಯೆ ಬರೆದಿಟ್ಟು ಕೇಸ್ ಶೀಟ್ ಮುಗಿಯಿತೆಂದರೆ ಯಾವ ಪ್ರೊಫೆಸರರೂ ಒಪ್ಪುವುದಿಲ್ಲ. ಹಿಸ್ಟರಿ ಎಲ್ಲಿ ಎಂದು ಕೇಳುತ್ತಾರೆ. ಈ ಬಂಗಲೆಯ ವಿಷಯದಲ್ಲಿ ಆ ಹಿಸ್ಟರಿಯನ್ನು ತೆಗೆದುಕೊಳ್ಳುವ ಗೋಜಿಗೆ ನಮ್ಮವರು ಹೆಚ್ಚಾಗಿ ಹೋಗಿಲ್ಲ.

ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ಬಂಗಲೆ ಎದ್ದದ್ದು ಅದಾಗಿ ನಾಲ್ಕು ವರ್ಷಕ್ಕೆ. ಕಾಲ ದಾಟಿದರೂ ಅಭಿರುಚಿ ಮಾತ್ರ ಆ ರಾಣಿಯ ಕಾಲದ್ದೇ: ಪೇಟೆಯ ಗದ್ದಲದಿಂದ ದೂರ, ದಿಬ್ಬದ ಮೇಲೆ, ಸುತ್ತ ವಿಶಾಲವಾದ ಜಾಗ ಬಿಟ್ಟು, ಎದುರಿಗೆ ಕಂಬಗಳ ಸಾಲು ನಿಲ್ಲಿಸಿ ಕಟ್ಟುವ ದೊಡ್ಡ ಮನೆ. ಇಂಗ್ಲೆಂಡಿನ ಊರಾಚೆಯ ಬಡಾವಣೆಗಳಲ್ಲಿ ಗಿರಣಿ ಮಾಲೀಕರು ಇಂಥವನ್ನು ಕಟ್ಟಿಕೊಂಡರು. ಮೈಸೂರಿನಲ್ಲಿ ಅರಸು ಮನೆತನ ಕಟ್ಟಿಕೊಂಡಿತು. ಇದೆಲ್ಲ ಇಂಗ್ಲಿಷರನ್ನು ನೋಡಿ ಕಲಿತ ಶೋಕಿ ಎಂದು ಕೆಲವರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಶೋಕಿಯೂ ಇತ್ತು, ನಿಜ. ಆದರೆ ಆ ಹತ್ತು ವರ್ಷಗಳಲ್ಲಿ ಆ ಮನೆತನಕ್ಕೂ ಆ ಊರಿಗೂ ಏನೇನಾಯಿತು ಎಂದು ಸಾಲಾಗಿ ಇಟ್ಟು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ.

1894ರ ಡಿಸೆಂಬರಿನಲ್ಲಿ ಹತ್ತನೆಯ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ಡಿಫ್ತೀರಿಯಾದಿಂದ ತೀರಿಕೊಂಡರು. ಆಗ ಅವರಿಗೆ ಇನ್ನೂ 31 ವರ್ಷ. ಗಂಟಲ ಪೊರೆಯ ಆ ಕಾಯಿಲೆಗೆ ಸೀರಂ ಚಿಕಿತ್ಸೆ ಯುರೋಪಿನಲ್ಲಿ ಆಗತಾನೇ ಬಳಕೆಗೆ ಬರುತ್ತಿತ್ತು. ಪತ್ನಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಚಿಕ್ಕ ಮಕ್ಕಳನ್ನಿಟ್ಟುಕೊಂಡು ರೀಜೆಂಟರಾಗಿ ರಾಜ್ಯ ನಡೆಸಿದರು. 1897ರ ಫೆಬ್ರವರಿಯಲ್ಲಿ ಹಿರಿಯ ಮಗಳ ಮದುವೆ ಸಮಾರಂಭ ನಡೆಯುತ್ತಿರುವಾಗಲೇ ಮೈಸೂರಿನ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದು ಬಹುಭಾಗ ಬೂದಿಯಾಯಿತು. ಆ ಮದುಮಗಳೇ ನಮ್ಮ ಜಯಲಕ್ಷಮ್ಮಣ್ಣಿ. ಇಂದು ನಾವೆಲ್ಲ ದಸರಾ ದೀಪಗಳಲ್ಲಿ ನೋಡಿ ಬೆರಗಾಗುವ, ಹೆನ್ರಿ ಇರ್ವಿನ್ ವಿನ್ಯಾಸದ ದೊಡ್ಡ ಅರಮನೆ ಆ ಬೂದಿಯ ಮೇಲೆ ಎದ್ದು 1912ರಲ್ಲಿ ಮುಗಿಯಿತು. ಬೆಂಕಿಯಾದ ಮರುವರ್ಷವೇ, 1898ರಲ್ಲಿ, ಬೆಂಗಳೂರು, ಮೈಸೂರುಗಳಿಗೆ ಪ್ಲೇಗು ಬಂತು.

ಪ್ಲೇಗಿನ ವಿಚಾರ ಬಂದರೆ ನಾವು ವೈದ್ಯರು ಸ್ವಲ್ಪ ಹೆಚ್ಚು ಮಾತಾಡುತ್ತೇವೆ, ಓದುಗರು ಸಹಿಸಿಕೊಳ್ಳಬೇಕು. ಯೆರ್ಸಿನ್ ಪ್ಲೇಗಿನ ಜೀವಾಣುವನ್ನು ಕಂಡುಹಿಡಿದದ್ದು 1894ರಲ್ಲಿ. ಇಲಿಯ ಮೈಮೇಲಿನ ಚಿಗಟ ರೋಗವನ್ನು ಮನುಷ್ಯನಿಗೆ ದಾಟಿಸುತ್ತದೆ ಎಂದು ಸೀಮೊಂಡ್ ಎಂಬ ಫ್ರೆಂಚ್ ವೈದ್ಯ 1898ರಲ್ಲೇ ಹೇಳಿದರೂ ಅದನ್ನು ಜಗತ್ತು ಒಪ್ಪಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಅಲ್ಲಿಯವರೆಗೆ ಇಕ್ಕಟ್ಟು, ಕೊಳಕು, ಕೆಟ್ಟ ಗಾಳಿ ಇವೇ ಕಾರಣವೆಂದು ಬಹಳ ಜನ ನಂಬಿದ್ದರು. ಕಾರಣ ಪೂರ್ತಿ ಸರಿಯಿರಲಿಲ್ಲ, ಆದರೆ ಅದರಿಂದ ಹೊರಟ ಕೆಲಸ ಒಳ್ಳೆಯದಾಯಿತು. ಬೆಂಗಳೂರಿಗೆ ಬಸವನಗುಡಿ, ಮಲ್ಲೇಶ್ವರಗಳು ಬಂದದ್ದು ಹಾಗೆ. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಟ್ರಸ್ಟ್ ಬೋರ್ಡ್ ಹುಟ್ಟಿತು. ಇಕ್ಕಟ್ಟಿನ ಕೇರಿಗಳಿಂದ ಜನರನ್ನು ಹೊರಗೆ ತಂದು, ನೇರ ರಸ್ತೆ, ಚರಂಡಿ, ಮನೆಗೂ ಮನೆಗೂ ನಡುವೆ ಗಾಳಿಯಾಡುವ ಜಾಗ ಇಟ್ಟು ಬಡಾವಣೆಗಳನ್ನು ಮಾಡಿದರು. ಅದಾಗಿ ಎರಡೇ ವರ್ಷಕ್ಕೆ ಕುಕ್ಕರಹಳ್ಳಿ ಕೆರೆಯ ಬಳಿಯ ದಿಬ್ಬದ ಮೇಲೆ, ಕೋಟೆಯಿಂದ ದೂರವಾಗಿ, ಹಿರಿಯ ರಾಜಕುಮಾರಿಗೆ ಮನೆಯಾಯಿತು.

ಕೈಪಿಡಿ ಎಣಿಸಿದ ಆ 300 ಕಿಟಕಿಗಳನ್ನು ನಾವು ಓದುವುದು ಈ ಬೆಳಕಿನಲ್ಲಿ. ತಂದೆ ಗಂಟಲ ಬೇನೆಗೆ ತುತ್ತಾದ, ತವರು ಬೆಂಕಿಗೆ ಆಹುತಿಯಾದ, ಊರು ಪ್ಲೇಗಿಗೆ ನಡುಗಿದ ಹೆಣ್ಣುಮಗಳೊಬ್ಬಳಿಗೆ ಕಟ್ಟಿದ ಮನೆ ಅದು. ಗಾಳಿಯೂ ಬಿಸಿಲೂ ಮೂಲೆಮೂಲೆಗೆ ನುಗ್ಗುವಂತೆ ಅದನ್ನು ತೆರೆದಿಟ್ಟದ್ದರಲ್ಲಿ ವೈಭವದಷ್ಟೇ ಭಯವೂ ಇದೆ. ಕಟ್ಟಿಸಿದವರು ಹೀಗೆಂದು ಬರೆದಿಟ್ಟಿದ್ದಾರೆಂದು ನಾವು ಹೇಳುವುದಿಲ್ಲ, ಇದು ನಮ್ಮ ಓದು. ಆದರೆ ಆ ಭಯ ಸುಳ್ಳಾಗಿರಲಿಲ್ಲ. ಜಯಲಕ್ಷಮ್ಮಣ್ಣಿಯವರ ತಂಗಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಮುಂದೆ ಕ್ಷಯರೋಗದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ 1921ರಲ್ಲಿ ಆರಂಭವಾದದ್ದೇ ಮೈಸೂರಿನವರು ಪಿ.ಕೆ. ಸ್ಯಾನಿಟೋರಿಯಂ ಎಂದು ಕರೆಯುವ ಆಸ್ಪತ್ರೆ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದಿದ ನಮ್ಮಂಥವರೆಲ್ಲ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳುವುದನ್ನು ಕಲಿತ ಜಾಗಗಳಲ್ಲಿ ಅದೂ ಒಂದು. ಸ್ಟ್ರೆಪ್ಟೊಮೈಸಿನ್ ಬರುವವರೆಗೆ, ಅಂದರೆ 1940ರ ದಶಕದವರೆಗೆ, ಅಲ್ಲಿ ಕೊಡುತ್ತಿದ್ದ ಮುಖ್ಯ ಔಷಧ ಗಾಳಿ, ಬಿಸಿಲು, ವಿಶ್ರಾಂತಿ, ಊಟ. ಸ್ಯಾನಿಟೋರಿಯಮ್ಮಿನ ವರಾಂಡವನ್ನೂ ಜಯಲಕ್ಷ್ಮಿ ವಿಲಾಸದ ಕಿಟಕಿಗಳನ್ನೂ ಒಟ್ಟಿಗೆ ನೋಡಿದವರಿಗೆ ಎರಡೂ ಒಂದೇ ಕಾಲದ, ಒಂದೇ ಆತಂಕದ ಕಟ್ಟಡಗಳೆಂದು ತಿಳಿಯುತ್ತದೆ.

ಮನೆಯ ಯಜಮಾನರ ಬಗ್ಗೆಯೂ ಕೈಪಿಡಿಗಳು ಮೌನ. ಜಯಲಕ್ಷಮ್ಮಣ್ಣಿಯವರ ಪತಿ ಎಂ. ಕಾಂತರಾಜ ಅರಸು. ವಿಶ್ವೇಶ್ವರಯ್ಯನವರು ಬಿಟ್ಟುಹೋದ ದಿವಾನಗಿರಿಗೆ ಬಂದವರು ಇವರೇ, 1922ರವರೆಗೆ ಇದ್ದರು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಬೇಕೆಂದು ಹೇಳಿದ ಮಿಲ್ಲರ್ ಸಮಿತಿಯ ವರದಿ ಆದೇಶವಾಗಿ ಜಾರಿಗೆ ಬಂದದ್ದು ಅವರ ಕಾಲದಲ್ಲಿ, 1921ರಲ್ಲಿ. ನಮ್ಮ ಕೂಟದಲ್ಲಿ ಇಂದು ಇಂಜಿನಿಯರು, ನರ್ಸು, ಅಕೌಂಟೆಂಟು ಎಂದು ಕುಳಿತಿರುವ ಎಷ್ಟೋ ಮನೆಗಳ ಓದು ಆ ಆದೇಶದಿಂದ ತೆರೆದ ಬಾಗಿಲಿನ ಮೂಲಕ ಬಂದದ್ದಿರಬಹುದು. ಅಂಥ ಬಾಗಿಲನ್ನು 287ರಲ್ಲಿ ಸೇರಿಸಿ ಎಣಿಸುವವರಿಲ್ಲ.

ಇನ್ನು ನಮ್ಮ ಮುಖ್ಯ ವಾದಕ್ಕೆ ಬರುತ್ತೇವೆ. 1959ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಈ ಬಂಗಲೆಯನ್ನು 10 ಲಕ್ಷ ರೂಪಾಯಿಗೆ ಕೊಂಡಿತು. (ಕಟ್ಟಿದ 54 ವರ್ಷಕ್ಕೆ ಬರೀ 3 ಲಕ್ಷ ಏರಿಕೆ! ಮೈಸೂರಿನ ಸೈಟು ವ್ಯಾಪಾರ ಬಲ್ಲ ನಮ್ಮ ಸದಸ್ಯರು ನಕ್ಕಾರು.) ಆಗ ಉಪಕುಲಪತಿಗಳಾಗಿದ್ದವರು ಕುವೆಂಪು. ಸ್ನಾತಕೋತ್ತರ ವಿಭಾಗಗಳಿಗೆಲ್ಲ ಒಂದೇ ಆವರಣ ಬೇಕೆಂದು ಅವರು ಕಂಡ ಕನಸೇ ಮಾನಸಗಂಗೋತ್ರಿ. ಮುಂದೆ 1960ರ ದಶಕದ ಕೊನೆಯ ಹೊತ್ತಿಗೆ ಈ ಬಂಗಲೆಯಲ್ಲಿ ಜನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು. ಜೀ.ಶಂ. ಪರಮಶಿವಯ್ಯನವರು, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು, ಅವರ ಬೆನ್ನಿಗೆ ನಿಂತ ದೇ. ಜವರೇಗೌಡರು ಇವರ ಹೆಸರುಗಳನ್ನು ಇಲ್ಲಿ ನೆನೆಯಲೇಬೇಕು. ಹಳ್ಳಿಹಳ್ಳಿ ಸುತ್ತಿ ತಂದ ವಸ್ತುಗಳು ಆರು ಸಾವಿರ ದಾಟಿದವು. ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ, ದೇವರ ಮೊಗಗಳು, ಸೇರು, ಕೊಳಗ, ಬೀಸುವ ಕಲ್ಲು, ಬೇಸಾಯದ ಸಾಮಾನು. ಜೊತೆಗೆ ಕನ್ನಡ ಲೇಖಕರ ಬಳಕೆಯ ವಸ್ತುಗಳಿಗೂ ಒಂದು ವಿಭಾಗ.

ಇದರ ಅರ್ಥವನ್ನು ಒಂದು ಕ್ಷಣ ಯೋಚಿಸಬೇಕು. ರಾಜಕುಮಾರಿಯ ಕಲ್ಯಾಣ ಮಂಟಪವಿದ್ದ ಮನೆಯೊಳಗೆ ಒಕ್ಕಲಿಗನ ನೇಗಿಲು ಬಂತು. ಹಿಂದೆ ಇಂಥ ಮನೆಯ ಹಿಂಬಾಗಿಲಿಗೆ ರಾಗಿ ತಂದು ಸುರಿದು ಹೋಗುತ್ತಿದ್ದವರ ಕೊಳಗ ಮುಂಬಾಗಿಲಿನಿಂದ ಒಳಗೆ ಹೋಗಿ ಗಾಜಿನ ಪೆಟ್ಟಿಗೆಯಲ್ಲಿ ಕುಳಿತಿತು. ಇದು ಆಕಸ್ಮಿಕವಾಗಿ ಆದದ್ದೆಂದು ನಮಗೆ ಅನ್ನಿಸುವುದಿಲ್ಲ. ವಿಶ್ವವಿದ್ಯಾನಿಲಯದ ಮೆಟ್ಟಿಲ ಮೇಲೆ ಕನ್ನಡವನ್ನು ಕೂರಿಸಲು ಹೊರಟ ತಲೆಮಾರು ಅದು. ಅವರಿಗೆ ಸಿಕ್ಕ ಅತ್ಯಂತ ಭವ್ಯವಾದ ಮನೆಯನ್ನು ಅವರು ಜನಪದಕ್ಕೆ ಕೊಟ್ಟರು.

ಈಗ ನಮ್ಮ ಆಕ್ಷೇಪಣೆ. ಪರಂಪರೆಯ ಮಾತಾಡುವ ಕೆಲವರು ಈ ಸಂಗ್ರಹವನ್ನು ಬಾಡಿಗೆದಾರರಂತೆ ನೋಡುತ್ತಾರೆ. ಕಟ್ಟಡ ಬೇರೆ, ಅದರಲ್ಲಿರುವ ಸಾಮಾನು ಬೇರೆ. ಗ್ರೀಕ್ ಕಂಬಗಳ ಕೆಳಗೆ ಒನಕೆ, ಮೊರ ಒಪ್ಪುವುದಿಲ್ಲ. ಅವನ್ನೆಲ್ಲ ಬೇರೆ ಕಡೆ ಸಾಗಿಸಿ ಮನೆಯನ್ನು ಮೊದಲಿನಂತೆ ಮಾಡಬೇಕು ಎಂಬ ಧಾಟಿ. ಮೊದಲಿನಂತೆ ಎಂದರೆ ಯಾವಾಗಿನಂತೆ? ರಾಜಕುಮಾರಿಯ ಮನೆಯಾಗಿ ಅದು ಇದ್ದದ್ದು 54 ವರ್ಷ. ವಿಶ್ವವಿದ್ಯಾನಿಲಯದ ಕೈಯಲ್ಲಿ ಇರುವುದು ಅದಕ್ಕಿಂತ ಹೆಚ್ಚು ಕಾಲ. ಒಂದು ಜೀವನವನ್ನು ಉಳಿಸುವ ನೆಪದಲ್ಲಿ ಇನ್ನೊಂದನ್ನು ಅಳಿಸುವುದು ನಮಗೆ ಒಪ್ಪಿಗೆಯಿಲ್ಲ. ಕಂಬ ಮಾತ್ರ ನೋಡಬೇಕೆನ್ನುವವರಿಗೆ ಮೈಸೂರಿನಲ್ಲಿ ಕೊರತೆ ಏನೂ ಇಲ್ಲ. 1921ರ ಲಲಿತಮಹಲು 1974ರಿಂದ ಹೋಟೆಲಾಯಿತು, ಕಾಫಿಗೆ ದುಡ್ಡು ಕೊಟ್ಟು ಕುಳಿತು ಎಷ್ಟು ಬೇಕಾದರೂ ನೋಡಬಹುದು. ಚೆಲುವಾಂಬ ಮ್ಯಾನ್ಷನ್ ಆಹಾರ ಸಂಶೋಧನಾಲಯದ ಕೈಯಲ್ಲಿ ಭದ್ರವಾಗಿದೆ. ಕಂಬ ಮತ್ತು ಕೊಳಗ ಎರಡನ್ನೂ ಒಂದೇ ಸೂರಿನಡಿ ತೋರಿಸುವ ರಾಜಮನೆ ಮೈಸೂರಿನಲ್ಲಿ ನಮಗೆ ತಿಳಿದಂತೆ ಇದೊಂದೇ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನಮ್ಮ ರೆಸಿಡೆನ್ಸಿಯ ವರ್ಷಗಳಲ್ಲಿ ನೋಡಿದ ಒಂದು ಮನೆ ಇಲ್ಲಿ ಹೋಲಿಕೆಗೆ ಬರುತ್ತದೆ. ಮೋಸ್ಲಿ ಎಂಬ ಬಡಾವಣೆಯಲ್ಲಿ ಹೈಬರಿ ಎಂದು ಅದರ ಹೆಸರು. ಊರಿನ ಮೇಯರಾಗಿ ಕೊಳಚೆ ಕೇರಿಗಳನ್ನು ತೆಗೆಸಿ, ನೀರು ಸರಬರಾಜನ್ನು ನಗರಸಭೆಗೆ ತಂದ ಜೋಸೆಫ್ ಚೇಂಬರ್ಲೇನ್ 1870ರ ದಶಕದ ಕೊನೆಯಲ್ಲಿ ಕಟ್ಟಿಸಿದ್ದು. ಕೆಂಪು ಇಟ್ಟಿಗೆಯ ಅಪ್ಪಟ ವಿಕ್ಟೋರಿಯನ್ ಬಂಗಲೆ. ಮೊದಲ ಮಹಾಯುದ್ಧದಲ್ಲಿ ಅದು ಗಾಯಾಳು ಸೈನಿಕರ ಆಸ್ಪತ್ರೆಯಾಯಿತು, ಆಮೇಲೆ ನಗರದ ವಶಕ್ಕೆ ಬಂದು ವೃದ್ಧೆಯರ ಆಶ್ರಯವಾಯಿತು. ಅಲ್ಲಿನವರು ಆ ಮನೆಯ ಚರಿತ್ರೆ ಹೇಳುವಾಗ ರಾಜಕಾರಣಿಯ ಜೊತೆಗೆ ಈ ಸೈನಿಕರನ್ನೂ ಅಜ್ಜಿಯರನ್ನೂ ಸೇರಿಸಿಯೇ ಹೇಳುತ್ತಾರೆ. ಬ್ರಿಟಿಷರ ಕಂಬಗಳನ್ನು ನಕಲು ಮಾಡಿದ ನಾವು ಅವರ ಈ ಅಭ್ಯಾಸವನ್ನೂ ನಕಲು ಮಾಡಿದ್ದರೆ ಚೆನ್ನಾಗಿತ್ತು.

ಅಷ್ಟು ದೂರವೂ ಬೇಡ, ನಾವಿರುವ ಈ ಊರನ್ನೇ ನೋಡೋಣ. ಎಣ್ಣೆಯ ಹಣ ಬಂದ ಹೊಸದರಲ್ಲಿ ಕುವೈತಿನವರು ಹಳೆಯ ಪಟ್ಟಣದ ಬಹುಭಾಗವನ್ನು ಕೆಡವಿದರು. 1920ರಲ್ಲಿ ಊರವರೇ ಸೇರಿ ಕಟ್ಟಿದ ಮಣ್ಣಿನ ಕೋಟೆಗೋಡೆ 1957ರಲ್ಲಿ ಹೋಯಿತು, ಬಾಗಿಲುಗಳು ಮಾತ್ರ ಉಳಿದವು. ನಮ್ಮ ಅರ್ದಿಯಾದಂಥ ಬಡಾವಣೆಗಳಲ್ಲಿ ಹಳೆಯದೆಂದು ತೋರಿಸಲು ಏನೂ ಇಲ್ಲ. ಆದರೆ ಉಳಿದದ್ದರ ಬೆಲೆ ಇವರಿಗೆ ಆಮೇಲೆ ತಿಳಿಯಿತು. ಗಲ್ಫ್ ರಸ್ತೆಯಲ್ಲಿ ಹೋಗುವಾಗ ಕಾಣುವ ಅಮೆರಿಕನ್ ಮಿಷನ್ ಆಸ್ಪತ್ರೆಯ ಕಟ್ಟಡಗಳನ್ನು ಗಮನಿಸಿ. ಗಂಡಸರ ಆಸ್ಪತ್ರೆ 1914ರದ್ದು, ಹೆಂಗಸರದ್ದು 1919ರದ್ದು. 1967ರಲ್ಲಿ ಮುಚ್ಚಿದ ಆ ಆಸ್ಪತ್ರೆಯನ್ನು ದುರಸ್ತಿ ಮಾಡಿ 2011ರಲ್ಲಿ ಸಾಂಸ್ಕೃತಿಕ ಕೇಂದ್ರವಾಗಿ ತೆರೆದರು. ಸಂಗೀತ, ಉಪನ್ಯಾಸ, ಪ್ರದರ್ಶನ ಎಲ್ಲ ನಡೆಯುತ್ತವೆ, ಆದರೆ ಹೆಸರು ಇಂದಿಗೂ 'ಅಮ್ರಿಕಾನಿ'. ಜನ ಆಸ್ಪತ್ರೆಯನ್ನು ಕರೆಯುತ್ತಿದ್ದ ಹೆಸರನ್ನೇ ಉಳಿಸಿಕೊಂಡರು. ಮಕ್ಕಳನ್ನು ಮಾಲ್‌ಗಳಿಗೆ ಕರೆದೊಯ್ಯುವ ಶುಕ್ರವಾರಗಳಲ್ಲಿ ಒಂದನ್ನು ಅದಕ್ಕೆ ಕೊಡಬಹುದು.

ಜಯಲಕ್ಷ್ಮಿ ವಿಲಾಸದ ದೇಹಸ್ಥಿತಿಯ ಬಗ್ಗೆ ಹೇಳದೆ ಇರುವಂತಿಲ್ಲ. ಇನ್ಫೋಸಿಸ್ ಫೌಂಡೇಶನ್ ಕೊಟ್ಟ 1.17 ಕೋಟಿ ರೂಪಾಯಿಯಲ್ಲಿ 2002ರಿಂದ 2006ರವರೆಗೆ ದೊಡ್ಡ ದುರಸ್ತಿ ನಡೆಯಿತು. ಮನೆ ಮತ್ತೆ ಬಿಳಿಯಾಗಿ ಹೊಳೆಯಿತು. ಆದರೂ ಕೆಲವೇ ವರ್ಷಗಳಲ್ಲಿ ಮಳೆನೀರು ಮತ್ತೆ ಒಳಗೆ ಇಳಿಯಿತು, ಮರದ ಭಾಗಗಳು ಶಿಥಿಲವಾದವು. ಈಚೆಗೆ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ನೆರವಿನಿಂದ, ಡೆಕ್ಕನ್ ಹೆರಿಟೇಜ್ ಫೌಂಡೇಶನ್ ಮೂಲಕ ಪಶ್ಚಿಮ ಭಾಗದ ಸಂರಕ್ಷಣೆಯನ್ನು ಕೈಗೆತ್ತಿಕೊಳ್ಳಲಾಯಿತು. ಸಂತೋಷದ ವಿಷಯ. ಆದರೆ ದಾನಿಗಳು ಹದಿನೈದು ಇಪ್ಪತ್ತು ವರ್ಷಕ್ಕೊಮ್ಮೆ ಬಂದು ಆಪರೇಷನ್ ಮಾಡಿಸಿ ಹೋಗುವುದು, ನಡುವೆ ರೋಗಿಗೆ ದಿನನಿತ್ಯದ ಮಾತ್ರೆ ಕೊಡುವವರಿಲ್ಲದಿರುವುದು, ಇದು ಚಿಕಿತ್ಸೆಯ ಕ್ರಮವಲ್ಲ. ಇಂಥ ಕಟ್ಟಡಕ್ಕೆ ಬೇಕಾದ ಮಾತ್ರೆ ಬಹಳ ಸಾಧಾರಣವಾದದ್ದು: ಮಳೆಗಾಲಕ್ಕೆ ಮುಂಚೆ ತಾರಸಿಯ ಎಲೆ ಗುಡಿಸುವುದು, ನೀರಿನ ದೋಣಿ ಕಟ್ಟದಂತೆ ನೋಡುವುದು, ಗೋಡೆಯ ಸಂದಿಯಲ್ಲಿ ಬೇರು ಬಿಟ್ಟ ಅರಳಿ ಗಿಡವನ್ನು ಸಣ್ಣದಿರುವಾಗಲೇ ಕೀಳುವುದು, ಗೆದ್ದಲಿನ ಮೇಲೆ ಕಣ್ಣಿಡುವುದು. ಇದಕ್ಕೆ ಕೋಟಿ ಬೇಡ, ತಿಂಗಳ ಸಂಬಳದ ಇಬ್ಬರು ತಿಳಿದ ಕೆಲಸಗಾರರು ಸಾಕು.

ಇನ್ನೊಂದು ಸಂಗತಿ. ಆ ಕಾಲದ ಕಟ್ಟಡಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಗಾರೆ ಹಾಕಿದ ಮದ್ರಾಸ್ ತಾರಸಿಯೂ ಆಗ ಬಳಕೆಯಲ್ಲಿತ್ತು. ಸುಣ್ಣದ ಗಾರೆ ತೇವವನ್ನು ಹೀರಿ ಹೊರಗೂ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಕೊಳೆಯುತ್ತದೆ, ತೊಲೆ ಲೊಡ್ಡಾಗುತ್ತದೆ, ಹೊರಗಿನಿಂದ ಮಾತ್ರ ನುಣ್ಣಗೆ ಕಾಣುತ್ತದೆ. ಕೀವು ತೆಗೆಯದೆ ಗಾಯಕ್ಕೆ ಹೊಲಿಗೆ ಹಾಕಿದಂತೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಹಳೆಯ ಕಟ್ಟಡಗಳ ವಿಷಯ ಬರೀ ಅಂದಚಂದದ ಮಾತಲ್ಲ ಎಂದು ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ತಮಾಷೆಯ ಮಾತನ್ನೂ ಸೇರಿಸಿಬಿಡುತ್ತೇವೆ. ನಮ್ಮ ಗಲ್ಫ್ ಕನ್ನಡಿಗರು ಮೈಸೂರಿನ ಹೊಸ ಬಡಾವಣೆಗಳಲ್ಲಿ ಕಟ್ಟಿಸಿರುವ ಮನೆಗಳನ್ನು ನೋಡಿದ್ದೀರಲ್ಲವೇ? ಮೂವತ್ತು ನಲವತ್ತರ ಸೈಟು, ಎದುರಿಗೆ ಎರಡು ಕೊರಿಂಥಿಯನ್ ಕಂಬ, ಮೇಲೆ ಎಲೆಯ ಕೆತ್ತನೆ, ಎಲ್ಲ ಅಚ್ಚಿನಲ್ಲಿ ಎರಕ ಹೊಯ್ದ ಸಿಮೆಂಟು. ಕಿಟಕಿಗಳು ಮಾತ್ರ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿ ಸದಾ ಮುಚ್ಚಿರುತ್ತವೆ, ಒಳಗೆ ಏ.ಸಿ. ಜಯಲಕ್ಷ್ಮಿ ವಿಲಾಸದಿಂದ ನಾವು ತೆಗೆದುಕೊಂಡದ್ದು ಕಂಬ, ಬಿಟ್ಟುಬಂದದ್ದು ಗಾಳಿ. ಕಾಂಟ್ರಾಕ್ಟರರನ್ನು ದೂರಿ ಫಲವಿಲ್ಲ, ಕೇಳಿದ್ದು ನಾವೇ.

ಈ ಸಲ ಹೋಗುವವರಿಗೆ ಎರಡು ಸೂಚನೆ. ಸಂರಕ್ಷಣೆಯ ಕೆಲಸದಿಂದಾಗಿ ಒಳಗೆ ಯಾವ ಭಾಗ ತೆರೆದಿದೆ ಎಂದು ಮುಂಚೆಯೇ ವಿಶ್ವವಿದ್ಯಾನಿಲಯಕ್ಕೆ ಫೋನು ಮಾಡಿ ಕೇಳಿಕೊಂಡು ಹೋಗಿ. ಮುಚ್ಚಿದ್ದರೆ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆದು, ಆಮೇಲೆ ಕಟ್ಟಡವನ್ನು ಹೊರಗಿನಿಂದಲಾದರೂ ಸುತ್ತಿ ಬನ್ನಿ. ಒಳಗೆ ಬಿಟ್ಟರೆ ಕಲ್ಯಾಣ ಮಂಟಪದ ಬಣ್ಣದ ಗಾಜಿನ ಕೆಳಗೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯಿರಿ, ಬೇಡವೆನ್ನುವುದಿಲ್ಲ. ಆದರೆ ತೊಗಲುಗೊಂಬೆಗಳ ಮುಂದೆ ಮತ್ತು ಆ ಸೇರು, ಕೊಳಗಗಳ ಮುಂದೆ ಸ್ವಲ್ಪ ಹೊತ್ತು ಹೆಚ್ಚು ನಿಲ್ಲಿ. ಜೊತೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ಅಲ್ಲಿ ನಾವು ನೀವು ವಿವರಿಸುವುದು ಬೇಕಾಗುವುದಿಲ್ಲ, ಅವರೇ ಶುರುಮಾಡುತ್ತಾರೆ.